ಗೋಡೆಗೆ ಅಂಟಿಸಿದ ಪುಟ

ಕಿಲ್‌ಬ್ರೆನಾದಲ್ಲಿ ಲಂಗದ ಅಂಚು ಮಡಿಸುವುದಿರಲಿ, ಮದುವೆ ಗೌನಿನ ಸೊಂಟ ಬಿಗಿ ಮಾಡುವುದಿರಲಿ, ಜನ ಹೋಗುತ್ತಿದ್ದುದು ಫಿಡೆಲ್ಮಾ ಹತ್ತಿರವೇ. ಔಷಧಿ ಅಂಗಡಿಯ ಮಹಡಿಯಲ್ಲಿ ಅವಳ ಮನೆ, ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಹೊಲಿಗೆ ಯಂತ್ರ. ಕೆಲಸ ಬಲು ಅಚ್ಚುಕಟ್ಟು. ಆದರೆ ಅಳತೆ ತೆಗೆಯುವಾಗ ಅವಳು ಎದುರಿಗೆ ನಿಲ್ಲುತ್ತಿರಲಿಲ್ಲ, ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಕೆಮ್ಮು ಬಂದರೆ ಗಿರಾಕಿಯ ಮುಖಕ್ಕೆ ಬಡಿಯಬಾರದು. ತನ್ನ ಬೆರಳು ಅವರ ಕಣ್ಣಿಗೆ ಬೀಳಬಾರದು. ಅವಳ ಬೆರಳ ತುದಿಗಳು ಡೋಲಿನ ಕೋಲಿನ ತುದಿಯಂತೆ ದುಂಡಗೆ ಉಬ್ಬಿದ್ದವು, ಉಗುರುಗಳು ಬಾಗಿದ್ದವು. ಉಸಿರಿನ ಕಾಯಿಲೆ ಬಹಳ ಕಾಲ ಇದ್ದವರಿಗೆ ಹಾಗಾಗುತ್ತದೆ.

ಕಾಯಿಲೆ ಹುಟ್ಟಿನಿಂದ ಬಂದದ್ದು. ಸಿಸ್ಟಿಕ್ ಫೈಬ್ರೋಸಿಸ್. ಆ ಸೀಮೆಯಲ್ಲಿ ಪ್ರತಿ ಊರಲ್ಲೂ ಒಂದೆರಡು ಮನೆಗಾದರೂ ಅದು ಹೊಕ್ಕಿತ್ತು. ಎಳೆಗೂಸಿಗೆ ಮುತ್ತಿಟ್ಟರೆ ತುಟಿಗೆ ಉಪ್ಪುಪ್ಪು ಹತ್ತುವುದು. ಎದೆಯಲ್ಲಿ ಲೋಳೆ ಅಂಟಿನಂತೆ ಗಟ್ಟಿಯಾಗುವುದು. ತಿಂದದ್ದು ಮೈಗೆ ಹತ್ತದೆ ಇರುವುದು. ಫಿಡೆಲ್ಮಾಳ ಅಣ್ಣ ಫಿಂಟನ್ ಒಂಬತ್ತನೇ ವಯಸ್ಸಿಗೆ ಅದರಿಂದಲೇ ತೀರಿಕೊಂಡ. ಅವಳ ತಾಯಿ ಊರಿಗೆಲ್ಲ "ನ್ಯುಮೋನಿಯಾ" ಎಂದಳು. ಮನೆತನದ ರಕ್ತದಲ್ಲೇ ಕೆಡುಕಿದೆ ಎಂದು ಊರು ಮಾತಾಡಿಕೊಂಡರೆ ಉಳಿದ ಹೆಣ್ಣುಮಕ್ಕಳನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂಬ ಭಯ. ಆಗ ಫಿಡೆಲ್ಮಾಗೆ ಆರು ವರ್ಷ. ಕಾಯಿಲೆ ಅಂದರೆ ಮುಚ್ಚಿಡಬೇಕಾದದ್ದು ಎಂಬುದನ್ನು ಅವಳು ಅಕ್ಷರ ಕಲಿಯುವ ಹೊತ್ತಿಗೇ ಕಲಿತಳು. ಅನ್ನ ಅರಗಲು ಪ್ರತಿ ಊಟಕ್ಕೂ ನುಂಗಬೇಕಾದ ಕ್ಯಾಪ್ಸೂಲುಗಳನ್ನು ಸನ್ಯಾಸಿನಿಯರ ಶಾಲೆಯ ಪಾಯಿಖಾನೆಗೆ ಹೋಗಿ ನುಂಗುತ್ತಿದ್ದಳು. "ಏನೇ, ಅಲ್ಲಿ ಕೂತ್ಕೊಂಡು ಊಟಾನೂ ಮಾಡ್ತೀಯಾ?" ಎಂದು ಹುಡುಗಿಯರು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು.

ಹತ್ತು ದಾಟುವುದಿಲ್ಲ ಎಂದು ಡಾಕ್ಟರುಗಳು ಹೇಳಿದ್ದ ಹುಡುಗಿ ಇಪ್ಪತ್ತು ದಾಟಿದಳು. ಇಪ್ಪತ್ತಾರಕ್ಕೆ ಮದುವೆಯೂ ಆಯಿತು. ಗಂಡ ಕೋಲ್ಮನ್ ಹಾಲಿನ ಟ್ಯಾಂಕರ್ ಓಡಿಸುವವನು, ದೊಡ್ಡ ಆಳು, ದೊಡ್ಡ ನಗು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವಳನ್ನು ಮಂಚದ ಅಂಚಿಗೆ ಬೋರಲು ಮಲಗಿಸಿ, ಬೊಗಸೆ ಮಾಡಿದ ಕೈಯಿಂದ ಇಪ್ಪತ್ತು ನಿಮಿಷ ಬೆನ್ನು ತಟ್ಟಿ ಎದೆಯ ಲೋಳೆ ಸಡಿಲಿಸುತ್ತಿದ್ದ. ಕೆಳಗಿನ ಔಷಧಿ ಅಂಗಡಿಯವನು, "ಬೆಳಿಗ್ಗೆ ಬೆಳಿಗ್ಗೆ ಏನಪ್ಪಾ ರೊಟ್ಟಿ ಬಡಿತೀಯಾ?" ಎಂದರೆ, "ಹೂಂ, ನನ್ನ ಹೆಂಡ್ತಿ ಬೆನ್ನ ಮೇಲೆ ಹೊಸ ಕುಣಿತ ಕಲೀತಿದ್ದೀನಿ" ಎನ್ನುತ್ತಿದ್ದ. ಅವನಿಗೆ ನಾಚಿಕೆ ಎಂಬುದೇ ಗೊತ್ತಿರಲಿಲ್ಲ. ಇಬ್ಬರ ಪಾಲಿನದನ್ನೂ ಅವಳೇ ಹೊತ್ತಿದ್ದಳು.

ಇಪ್ಪತ್ತೇಳಕ್ಕೆ ಸಕ್ಕರೆ ಕಾಯಿಲೆ ಬಂತು. ಅದೂ ಹಳೇ ಕಾಯಿಲೆಯ ಮರಿಯೇ. ಮೇದೋಜೀರಕ ಸವೆದು ಸವೆದು ಕೊನೆಗೆ ಇನ್ಸುಲಿನ್ ಕೊಡುವುದನ್ನೇ ಬಿಟ್ಟಿತ್ತು. ಒಂದು ಕಾಯಿಲೆ ಇದ್ದರೆ ಜನ ಅಯ್ಯೋ ಪಾಪ ಅನ್ನುತ್ತಾರೆ, ಎರಡಾದರೆ ಇವಳದೇ ಏನೋ ತಪ್ಪಿರಬೇಕು ಅಂದುಕೊಳ್ಳುತ್ತಾರೆ ಎಂದು ಅವಳ ಎಣಿಕೆ. ಅದರ ಮೇಲೆ ಈ ಸಕ್ಕರೆ ಕಾಯಿಲೆಗೆ ಪಥ್ಯವೂ ಇಲ್ಲ. ತೂಕ ಇಳಿಯಬಾರದೆಂದು ಬೆಣ್ಣೆ, ಕೆನೆ, ಕೇಕು ಎಲ್ಲ ತಿನ್ನಲೇಬೇಕು, ತಿಂದದ್ದಕ್ಕೆ ತಕ್ಕಷ್ಟು ಸೂಜಿ ಚುಚ್ಚಿಕೊಳ್ಳಬೇಕು. "ಸಕ್ಕರೆ ಕಾಯಿಲೆಯಂತೆ, ಕೆನೆ ಬನ್ನು ಹೇಗೆ ಬಾರಿಸ್ತಾಳೆ ನೋಡು" ಎಂದು ಊರು ನಗುವುದು ಅವಳಿಗೆ ಈಗಲೇ ಕೇಳಿಸುತ್ತಿತ್ತು. ಹಾಗಾಗಿ ಯಾರಿಗೂ ಹೇಳಲಿಲ್ಲ. ಅತ್ತೆ ಅಟ್ರಾಕ್ಟಾಗೆ ಅಂತೂ ಮೊದಲೇ ಇಲ್ಲ.

ಅಟ್ರಾಕ್ಟಾ ಕೆಟ್ಟವಳಲ್ಲ, ಬಾಯಿ ಮಾತ್ರ ಜೋರು. ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ಮಗ ಸೊಸೆ ಅವಳ ಮನೆಗೆ ಊಟಕ್ಕೆ ಹೋಗಬೇಕು. ಹುರಿದ ಮಾಂಸ, ಎರಡು ಬಗೆಯ ಆಲೂಗಡ್ಡೆ, ಆಮೇಲೆ ಸೇಬಿನ ಕಡುಬು, ಮೇಲೆ ಒಂದು ಗುಡ್ಡ ಕೆನೆ. "ತಿನ್ನೇ ಹುಡುಗಿ, ತಿನ್ನು. ನಿನ್ನನ್ನ ಬಾಗಿಲಲ್ಲಿ ನಿಲ್ಸಿದ್ರೆ ಗಾಳಿಗೆ ಗಾಲ್ವೇ ತನಕ ಹಾರ್ಕೊಂಡು ಹೋಗ್ತೀಯ" ಎಂದು ತಟ್ಟೆಗೆ ಸುರಿಯುವಳು.

ಮಗು ಬೇಕೆಂಬ ಆಸೆಯನ್ನು ಫಿಡೆಲ್ಮಾ ಮೊದಲು ಹೇಳಿದ್ದು ಶಹರದ ಆಸ್ಪತ್ರೆಯ ಡಾಕ್ಟರ್ ಹೆನಗನ್ ಅವರಿಗೆ. ಆ ಡಾಕ್ಟರಮ್ಮ ಬೇಡ ಎನ್ನಲಿಲ್ಲ, ಆಗಲಿ ಎಂದೂ ಕುಣಿಯಲಿಲ್ಲ. ಕೋಲ್ಮನ್‌ನ ರಕ್ತ ಪರೀಕ್ಷೆ ಮಾಡಿಸಿ ಆಮೇಲೆ ಹೇಳಿದರು.

"ನಿನ್ನ ಉಸಿರಿನ ಬಲ ನೂರಕ್ಕೆ ಅರವತ್ತು ಇದೆ. ಬಸಿರಲ್ಲಿ ಇನ್ನೂ ಇಳೀಬಹುದು, ಇಳಿದದ್ದು ವಾಪಸ್ ಬರದೇನೂ ಇರಬಹುದು. ಕೋಲ್ಮನ್ ರಕ್ತ ನೋಡಿದ್ವಿ, ಅವನಲ್ಲಿ ಈ ದೋಷ ಸಿಕ್ಕಿಲ್ಲ, ಹಾಗಾಗಿ ಮಗೂಗೆ ಕಾಯಿಲೆ ಬರೋ ಭಯ ತೀರಾ ಕಮ್ಮಿ. ಆದ್ರೆ ಸಕ್ಕರೆ ಹತೋಟಿಗೆ ಬರ್ಲೇಬೇಕು. ದಿನಕ್ಕೆ ಏಳು ಸಲ ಮೀಟರಲ್ಲಿ ನೋಡ್ಕೋ, ಪುಸ್ತಕದಲ್ಲಿ ಬರೀ. ಊಟ ಆದ್ಮೇಲೂ ಎಂಟು ದಾಟಬಾರದು."

ನಾಲ್ಕು ತಿಂಗಳು ಅವಳು ಪ್ರಾಮಾಣಿಕವಾಗಿಯೇ ಬರೆದಳು. ಪುಸ್ತಕ ನೋಡಿ ಡಾಕ್ಟರಮ್ಮ ಒಪ್ಪಿದರು. ಎರಡು ಸಾವಿರದ ಒಂದನೇ ಇಸವಿಯ ಜನವರಿಯಲ್ಲಿ ಫಿಡೆಲ್ಮಾ ಬಸುರಿಯಾದಳು.

ಮೊದಲ ಸುಳ್ಳು ಬಿದ್ದದ್ದು ಮಾರ್ಚಿನ ಒಂದು ಭಾನುವಾರ. ದನಗಳ ಕಾಲುಬಾಯಿ ಜ್ವರದ ಗಲಾಟೆಯ ವರ್ಷ ಅದು. ಮನೆಮನೆಯ ಬಾಗಿಲಲ್ಲೂ ಔಷಧದಲ್ಲಿ ನೆನೆಸಿದ ಚಾಪೆ, ಆ ನಾತಕ್ಕೇ ಅವಳಿಗೆ ಕೆಮ್ಮು. ಅತ್ತೆಯ ಊಟದ ಮೇಜಿನಿಂದ ಎದ್ದು ಸೂಜಿ ಚುಚ್ಚಿಕೊಳ್ಳಲು ಮಹಡಿಗೆ ಹೋಗಬೇಕು. ಅಲ್ಲಿನ ಬಚ್ಚಲಿಗೆ ಚಿಲಕವಿಲ್ಲ. ಅವತ್ತು ಕೋಲ್ಮನ್‌ನ ಅಕ್ಕಂದಿರೂ ಮಕ್ಕಳೂ ಬಂದು ಮೆಟ್ಟಿಲ ತುಂಬ ಜನ. ಆಮೇಲೆ ಮಾಡಿದರಾಯಿತು ಎಂದುಕೊಂಡು ಕಡುಬು ತಿಂದಳು. ಮನೆಗೆ ಬಂದು ಬೆರಳು ಚುಚ್ಚಿ ಮೀಟರಿಗೆ ಹಿಡಿದರೆ ಹದಿನಾರು, ದಾಟಬಾರದ ಎಂಟರ ಎರಡರಷ್ಟು. ಪುಸ್ತಕ ತೆಗೆದಳು. ಪೆನ್ನು ಆ ಖಾನೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಏಳೂ ಕಾಲು ಎಂದು ಬರೆದಳು. ಒಂದೇ ಒಂದು ಸಲ, ನಾಳೆಯಿಂದ ಸರಿಯಾಗಿರುತ್ತೇನೆ ಎಂದುಕೊಂಡಳು.

ಆದರೆ ಬಸಿರು ಬೆಳೆದಂತೆ ಸಕ್ಕರೆಯೂ ಏರುತ್ತ ಹೋಯಿತು. ಎದೆಗೆ ಸೋಂಕು ತಗುಲಿದ ವಾರ ಏನು ಮಾಡಿದರೂ ಹದಿಮೂರು, ಹದಿನಾಲ್ಕು. ಬಸಿರಲ್ಲಿ ಎಲ್ಲರಿಗೂ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ, ಕೇಳಿದ್ದರೆ ಹೆಚ್ಚಿಸಿ ಕೊಡುತ್ತಿದ್ದರು. ಅವಳು ಕೇಳಲಿಲ್ಲ. ಆ ಅಂಕಿಗಳು ಅವಳಿಗೆ ಶಾಲೆಯ ಅಂಕಪಟ್ಟಿಯ ಹಾಗೆ ಕಂಡವು. ತನ್ನ ದುರಾಸೆಗೆ, ಇಂಥ ಮೈ ಇಟ್ಟುಕೊಂಡು ಮಗು ಬೇಕೆಂದದ್ದಕ್ಕೆ ಯಾರೋ ಹಾಕುತ್ತಿರುವ ಅಂಕ. ಪುಸ್ತಕದಲ್ಲಿ ಐದೂವರೆ, ಆರು, ಆರೂ ಮುಕ್ಕಾಲು ಎಂದು ಬರೆದಳು. ಬರೆಯುವುದರಲ್ಲೂ ಅವಳ ಕಸುಬಿನ ಅಚ್ಚುಕಟ್ಟು. ಎಲ್ಲ ಒಂದೇ ಕೂತಲ್ಲಿ ಬರೆದಂತೆ ಕಾಣಬಾರದೆಂದು ಎರಡು ಬಣ್ಣದ ಪೆನ್ನು. ಅಲ್ಲಲ್ಲಿ ಒಂದು ಎಂಟೂವರೆ, ನಂಬಿಕೆ ಬರಲಿ ಅಂತ. ಒಂದೆರಡು ಕಡೆ ಚುಚ್ಚಿದ ಬೆರಳನ್ನು ಹಾಳೆಗೆ ಒತ್ತಿ ಒಂದು ಚುಕ್ಕೆ ರಕ್ತ. ಆಸ್ಪತ್ರೆಗೆ ಹೋಗುವ ದಿನ ಮೀಟರನ್ನು ಬೇಕೆಂದೇ ಮನೆಯಲ್ಲಿ ಬಿಡುತ್ತಿದ್ದಳು. ತಿಂಗಳುಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಅವಳ ಕಾಯಿಲೆಯವರಲ್ಲಿ ಸರಿಯಾದ ಲೆಕ್ಕ ಕೊಡುವುದಿಲ್ಲವೆಂದು ಆಸ್ಪತ್ರೆ ಪುಸ್ತಕವನ್ನೇ ನಂಬಿತ್ತು.

ಸಕ್ಕರೆ ಕಾಯಿಲೆಯ ಬಸುರಿಯರನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಮಜೆಲ್ಲಾ ಐವತ್ತರ ಹೆಂಗಸು, ಎಲ್ಲರನ್ನೂ ಚಿನ್ನಾ ಎಂದೇ ಕರೆಯುವವಳು. ಮೇ ತಿಂಗಳಲ್ಲಿ ಪುಸ್ತಕ ತಿರುವಿ ಹಾಕಿ ಕನ್ನಡಕ ಕೆಳಗಿಳಿಸಿದಳು.

"ಅಬ್ಬಾ, ಇದೇನು ಚಿನ್ನಾ, ಮುತ್ತು ಪೋಣಿಸಿದ ಹಾಗಿದೆ! ಮೀಟರ್ ಎಲ್ಲಿ?"

"ಮನೇಲೇ ಮರೆತೆ."

"ಹೋಗ್ಲಿ ಬಿಡು, ಪುಸ್ತಕ ಇದ್ಯಲ್ಲ. ಈ ಪುಟದ್ದೊಂದು ನಕಲು ತೆಗೀತೀನಿ, ಬೇಜಾರಿಲ್ಲ ತಾನೆ? ಹೆಸರು ಮುಚ್ತೀನಿ. ಇಲ್ಲಿ ಕೆಲವರಿಗೆ ಒಂದೇ ಒಂದು ಕಾಯಿಲೆ, ಆದ್ರೂ ದಿನಾ ಗೋಳು. ನಿನ್ನಂಥೋಳೇ ಮಾಡ್ತಿದ್ದಾಳೆ ಅಂತ ಅವರೂ ನೋಡ್ಲಿ."

ಬೇಡ ಎನ್ನಲು ಫಿಡೆಲ್ಮಾಗೆ ಒಂದು ಕಾರಣವೂ ಹೊಳೆಯಲಿಲ್ಲ. ತಲೆಯಾಡಿಸಿದಳು. ಮುಂದಿನ ಸಲ ಹೋದಾಗ ಕಾಯುವ ಕೋಣೆಯ ಗೋಡೆಗೆ, ಎಲ್ಲರ ಕಣ್ಣಿಗೂ ಬೀಳುವ ಎತ್ತರದಲ್ಲಿ, ಆ ಪುಟ ಅಂಟಿತ್ತು. ನಂಬಿಸಲೆಂದು ಒತ್ತಿದ ರಕ್ತದ ಚುಕ್ಕೆಯೂ ನಕಲಿನಲ್ಲಿ ಕಪ್ಪಗೆ ಮೂಡಿತ್ತು. ಅದಕ್ಕೆ ಬೆನ್ನು ಮಾಡಿ ಕೂತರೂ ಕತ್ತು ಸುಡುತ್ತಿತ್ತು.

ಜುಲೈ ಹೊತ್ತಿಗೆ ಲೆಕ್ಕ ತಪ್ಪತೊಡಗಿತು. ಇಪ್ಪತ್ತಾರನೇ ವಾರಕ್ಕೆ ಮಗು ಇರಬೇಕಾದ್ದಕ್ಕಿಂತ ದೊಡ್ಡದು, ಸುತ್ತ ನೀರು ಹೆಚ್ಚು. ತಾಯಿಯ ತೂಕ ಮಾತ್ರ ಎರಡು ಕಿಲೋ ಇಳಿದಿತ್ತು. ಡಾಕ್ಟರ್ ಹೆನಗನ್ ಸ್ಕ್ಯಾನಿನ ಚಿತ್ರವನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟರು.

"ಪುಸ್ತಕ ಒಂದು ಹೇಳ್ತಿದೆ, ಹೊಟ್ಟೆ ಇನ್ನೊಂದು ಹೇಳ್ತಿದೆ, ಫಿಡೆಲ್ಮಾ. ಯಾವುದನ್ನ ನಂಬಲಿ?"

"ಇದ್ದದ್ದನ್ನೇ ಬರ್ದಿದ್ದೀನಿ ಡಾಕ್ಟ್ರೇ" ಎಂದಳು, ಅವರ ಕಣ್ಣನ್ನೇ ನೋಡುತ್ತ. ಹಾಗೆ ನೋಡಲು ತನಗೆ ಬಂತಲ್ಲ ಎಂಬುದೇ ಅವಳನ್ನು ಆಮೇಲೆ ಹೆಚ್ಚು ಕಾಡಿತು.

ಹೊರಗೆ ಬಂದರೆ ಗೋಡೆ ಬರಿದಾಗಿತ್ತು. ಮಜೆಲ್ಲಾಳ ಮುಖ ಬಾಡಿತ್ತು.

"ತೆಗೆದುಬಿಟ್ಟೆ ಚಿನ್ನಾ. ನಿನ್ನ ತಪ್ಪಲ್ಲ. ಲೊರೆಟಾ ಅಂತ ಒಬ್ಬ ಹುಡುಗಿ, ಆರು ತಿಂಗಳು. ನಿನ್ನ ಪುಟ ನೋಡಿ, ನಂಗ್ಯಾಕೆ ಐದು ಆರು ಬರಲ್ಲ ಅಂತ ಹಠಕ್ಕೆ ಬಿದ್ದು, ಯಾರನ್ನೂ ಕೇಳ್ದೆ ಇನ್ಸುಲಿನ್ ಜಾಸ್ತಿ ಮಾಡ್ಕೊಂಡಿದ್ದಾಳೆ. ಕರುಗಳಿಗೆ ಹಾಲು ಹುಯ್ಯೋಕೆ ಹೋದೋಳು ಸಕ್ಕರೆ ಇಳಿದು ಅಲ್ಲೇ ಅಂಗಳದಲ್ಲಿ ಬಿದ್ದಿದ್ದಾಳೆ. ಮಾವ ನೋಡೋ ಹೊತ್ತಿಗೆ ಎಷ್ಟು ಹೊತ್ತಾಗಿತ್ತೋ. ಮಣಿಕಟ್ಟು ಎರಡು ಕಡೆ ಮುರಿದಿದೆ. ಮಗೂ ಎದೆಬಡಿತ ಚೆನ್ನಾಗಿದೆ ಅಂತಾರೆ, ದೇವರು ದೊಡ್ಡೋನು. ಇಲ್ಲೇ ಮೂರನೇ ಮಹಡೀಲಿ ಇದ್ದಾಳೆ."

ಫಿಡೆಲ್ಮಾ "ಅಯ್ಯೋ" ಎಂದಳು. ಬಸ್ಸು ಹತ್ತಿ ಊರಿಗೆ ಬಂದಳು. ಎರಡು ದಿನ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪರದೆಯ ಅಂಚನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಮೂರನೇ ದಿನ ಬೆಳಿಗ್ಗೆ ಕೋಲ್ಮನ್ ಬೆನ್ನು ತಟ್ಟಲು ಬಂದಾಗ, ಅವನ ಮುಖ ಕಾಣದ ಹಾಗೆ ಮಗ್ಗುಲಾಗಿ ಮಲಗಿ ಎಲ್ಲ ಹೇಳಿದಳು.

ತಟ್ಟುತ್ತಿದ್ದ ಕೈ ನಿಂತಿತು. "ಎಲ್ಲಾನೂ?"

"ಮಾರ್ಚಿಂದ."

"ನಂಗೆ ದಿನಾ ಓದಿ ಹೇಳ್ತಿದ್ಯಲ್ಲ ಫಿಡೆಲ್ಮಾ. ಆರು, ಐದೂವರೆ ಅಂತ. ಹಾಲಿನ ಡೈರೀಲಿ ಎಲ್ಲರ ಹತ್ರಾನೂ ಹೇಳ್ಕೊಂಡು ತಿರುಗ್ತಿದ್ದೆ ನಾನು. ನಾನೇನು ನಿನ್ನನ್ನ ಬೈತಿದ್ನಾ?"

"ಬೈತಿರಲಿಲ್ಲ. ಅದಕ್ಕೇ ಹೇಳೋಕಾಗ್ಲಿಲ್ಲ."

ಅವನಿಗೆ ಅದು ಅರ್ಥವಾಗಲಿಲ್ಲ. ಉಳಿದ ಹತ್ತು ನಿಮಿಷವನ್ನು ಎಂದಿನ ಹಾಗೇ, ಒಂದು ಏಟೂ ಹೆಚ್ಚುಕಮ್ಮಿ ಆಗದಂತೆ ತಟ್ಟಿದ. ಆಮೇಲೆ ಕೆಲಸಕ್ಕೆ ರಜೆ ಹೇಳಿ ಕಾರು ತೆಗೆದ.

ಅವತ್ತು ಮಜೆಲ್ಲಾಳ ಮೇಜಿನ ಮೇಲೆ ಫಿಡೆಲ್ಮಾ ಮೀಟರ್ ಇಟ್ಟಳು. ಮಜೆಲ್ಲಾ ಗುಂಡಿ ಒತ್ತಿದಳು. ಹದಿನಾಲ್ಕು. ಒತ್ತಿದಳು. ಹದಿನೇಳು. ಒತ್ತಿದಳು. ಹನ್ನೆರಡು. ಒತ್ತುತ್ತಲೇ ಹೋದಳು. ಬೈಯಲಿ, ಕೂಗಲಿ ಎಂದು ಫಿಡೆಲ್ಮಾ ಕಾಯುತ್ತಿದ್ದಳು. ಮಜೆಲ್ಲಾ ಮೀಟರನ್ನು ಮೆಲ್ಲಗೆ ಕೆಳಗಿಟ್ಟು, "ಒಂದು ಸಲ ತಗೊಂಡು ಬಾ ಅಂತ ಗಟ್ಟಿಯಾಗಿ ಹೇಳಿದ್ರೆ ಸಾಕಿತ್ತು ನಾನು. ಇಪ್ಪತ್ತೆರಡು ವರ್ಷದ ಸರ್ವೀಸು ನಂದು. ಚೆಂದದ ಪುಸ್ತಕ ನೋಡಿ ಮರುಳಾದೆ" ಎಂದಳು. ಚಿನ್ನಾ ಎನ್ನಲಿಲ್ಲ. ಡಾಕ್ಟರಮ್ಮ ಬಂದು, "ಇವತ್ತಿಂದ ಹೆರಿಗೆ ತನಕ ಇಲ್ಲೇ ಇರ್ತೀಯ" ಎಂದಷ್ಟೇ ಹೇಳಿ ವಾರ್ಡಿನಲ್ಲಿ ಒಂದು ಹಾಸಿಗೆಗೆ ಚೀಟಿ ಬರೆದರು.

ಸಂಜೆ, ಎದೆಯ ಸೋಂಕಿಗೆ ಹಾಕಿದ್ದ ಡ್ರಿಪ್ಪಿನ ಕಂಬ ತಳ್ಳಿಕೊಂಡು ಫಿಡೆಲ್ಮಾ ಮೂರನೇ ಮಹಡಿಗೆ ಹೋದಳು. ಲೊರೆಟಾ ಇಪ್ಪತ್ತಮೂರರ ಹುಡುಗಿ, ಕೆಂಪು ಕೂದಲು, ಬಲಗೈ ಮೊಣಕೈವರೆಗೂ ಪ್ಲಾಸ್ಟರು. ಎಡಗೈಯಲ್ಲಿ ಫೋರ್ಕು ಹಿಡಿದು ತಟ್ಟೆಯ ಬಟಾಣಿ ಅಟ್ಟಿಸಿಕೊಂಡು ಹೋಗುತ್ತಿದ್ದಳು.

"ಗೋಡೆ ಮೇಲೆ ಒಂದು ಪುಟ ಇತ್ತಲ್ಲ" ಎಂದಳು ಫಿಡೆಲ್ಮಾ. "ಅದು ನಂದು. ಅದರಲ್ಲಿರೋದೆಲ್ಲ ಸುಳ್ಳು."

ಲೊರೆಟಾ ತಲೆಯೆತ್ತಿದಳು. "ಎಲ್ಲಾನೂ?"

"ಬುಧವಾರ ಬೆಳಗಿನದು ಒಂದು ನಿಜ."

"ದಿನಾ ಬೆಳಿಗ್ಗೆ ನಿನ್ನನ್ನ ಬೈಕೊಂಡೇ ಸೂಜಿ ಚುಚ್ಕೋತಿದ್ದೆ, ಗೊತ್ತಾ? ಶ್ವಾಸಕೋಶ ಹಾಳಾಗಿರೋಳು ಅಂತ ನರ್ಸಮ್ಮ ಹೇಳಿದ್ರು, ಅವಳೇ ಐದರಲ್ಲಿ ನಿಲ್ಸಿದ್ದಾಳೆ, ನಂಗೇನು ದಾಡಿ ಅಂತ. ನಮ್ಮತ್ತೇನೂ ಅದನ್ನೇ ಅಂದ್ರು." ಅವಳ ದನಿ ಏರಲಿಲ್ಲ. "ನನ್ನ ಮಗು ಸತ್ತಿದ್ರೆ?"

ಫಿಡೆಲ್ಮಾ ಆ ಮಾತನ್ನು ಎರಡು ದಿನದಿಂದ ತನಗೆ ತಾನೇ ಕೇಳಿಕೊಂಡಿದ್ದಳು. ಇನ್ನೊಬ್ಬರ ಬಾಯಲ್ಲಿ ಅದು ಬೇರೆಯೇ ಆಗಿತ್ತು. "ಕ್ಷಮಿಸು ಅಂತ ಕೇಳೋಕೆ ಬಂದೆ" ಎಂದಳು.

"ಕ್ಷಮೆ ಗಿಮೆ ನನ್ನ ಹತ್ರ ಈಗ ಇಲ್ಲ. ಆ ಕೋಳಿ ಕತ್ತರಿಸಿ ಕೊಡು. ಒಂದು ಕೈಲಿ ಆಗ್ತಿಲ್ಲ."

ಫಿಡೆಲ್ಮಾ ಕೂತು ಕತ್ತರಿಸಿದಳು. ಹುಡುಗಿ ಅವಳ ಬೆರಳುಗಳನ್ನೇ ನೋಡುತ್ತಿದ್ದಳು. ಮುಚ್ಚಿಕೊಳ್ಳುವ ಹಾಗಿರಲಿಲ್ಲ, ಎರಡೂ ಕೈಗೆ ಕೆಲಸವಿತ್ತು.

"ಬೆರಳಿಗೇನಾಗಿದೆ?"

"ಉಸಿರಿನ ಕಾಯಿಲೆಯಿಂದ. ಚಿಕ್ಕಂದಿನಿಂದ ಹೀಗೇ."

"ಹೂಂ" ಎಂದಳು ಲೊರೆಟಾ. ತುಂಡೊಂದನ್ನು ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ಫಿಡೆಲ್ಮಾ ಕಂಬ ತಳ್ಳಿಕೊಂಡು ಹೊರಟಳು.

ಆಸ್ಪತ್ರೆಗೆ ಸೇರಿದ ಮೇಲೆ ಊರಿಂದ ಏನನ್ನು ಮುಚ್ಚಿಡುವುದು? ಮುಂದಿನ ಬುಧವಾರ ಅಟ್ರಾಕ್ಟಾ ಭಾನುವಾರದ ಕೋಟು ತೊಟ್ಟು, ಮೊಣಕಾಲ ಮೇಲೆ ಚೀಲ ಇಟ್ಟುಕೊಂಡು ಮಂಚದ ಪಕ್ಕ ಕೂತಳು.

"ಎಷ್ಟು ವರ್ಷದಿಂದ ಈ ಸಕ್ಕರೆ?"

"ಎರಡು ವರ್ಷ ಆಯ್ತು ಅತ್ತೆ."

"ಎರಡು ವರ್ಷದಿಂದ ನಿನ್ನ ತಟ್ಟೆಗೆ ಕಡುಬು ಹಾಕ್ತಿದ್ದೀನಿ ನಾನು. ನೀನು ಮೇಲೆ ಹೋದಾಗಲೆಲ್ಲ, ಪಾತ್ರೆ ತೊಳೆಯೋಕೆ ಕಳ್ಳಾಟ ಆಡ್ತಾಳೆ ಅಂತ ನನ್ನ ಹೆಣ್ಣುಮಕ್ಕಳ ಹತ್ರ ಹೇಳಿದ್ದೀನಿ. ಊರಿಗೂ ಹೇಳಿದ್ದೀನಿ. ನಂಗೆ ಒಂದು ಮಾತು ಹೇಳ್ಬಾರ್ದಿತ್ತೇನೇ?"

"ನಾಚಿಕೆ ಆಯ್ತು."

"ನಂಗೆ ಈಗ ಆಗ್ತಿಲ್ವಾ?" ಎಂದು ಮುದುಕಿ ಕರ್ಚೀಫು ತೆಗೆದು ಮೂಗು ಸೀಟಿದಳು, ಇಡೀ ವಾರ್ಡು ತಿರುಗಿ ನೋಡುವ ಹಾಗೆ. "ಬಚ್ಚಲಿಗೆ ಚಿಲಕ ಹಾಕಿಸ್ತೀನಿ. ಅಲ್ಲ, ಚಿಲಕ ಯಾತಕ್ಕೆ? ಮೇಜಿನ ಹತ್ರಾನೇ ಚುಚ್ಕೋ."

ಮೂವತ್ತಮೂರನೇ ವಾರಕ್ಕೆ ಫಿಡೆಲ್ಮಾಗೆ ಉಸಿರು ಎಳೆಯುವುದೇ ಕಷ್ಟವಾಯಿತು. ಆಗಸ್ಟ್ ಕೊನೆಗೆ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಹುಟ್ಟಿದ ತಕ್ಷಣ ಮಗುವಿನ ಸಕ್ಕರೆ ಪಾತಾಳಕ್ಕಿಳಿದು ಮೂರು ದಿನ ನಳಿಕೆಯಲ್ಲಿ ಗ್ಲೂಕೋಸ್ ಕೊಟ್ಟರು. ತಾಯಿಯ ಸಕ್ಕರೆ ಏರಿ ಏರಿ ಮಗು ಅದಕ್ಕೆ ಹೊಂದಿಕೊಂಡಿದ್ದರಿಂದ ಹೀಗೆ ಎಂದು ಚಿಕ್ಕ ಡಾಕ್ಟರ್ ವಿವರಿಸುತ್ತಿದ್ದರೆ ಫಿಡೆಲ್ಮಾ ಗಾಜಿನ ಪೆಟ್ಟಿಗೆಗೆ ಹಣೆ ಒತ್ತಿ ನಿಂತಿದ್ದಳು. ಮಗುವಿನ ಹಿಮ್ಮಡಿಯಲ್ಲಿ ರಕ್ತ ತೆಗೆದ ಗುರುತುಗಳು. ಎಣಿಸಿದಳು, ಹನ್ನೊಂದು ಇದ್ದವು. ಮಗು ಉಳಿಯಿತು. ಈಮರ್ ಎಂದು ಹೆಸರಿಟ್ಟರು. ಮೊದಲ ಸಲ ಎತ್ತಿಕೊಂಡಾಗ ಅವಳು ಹಣೆಗೆ ತುಟಿ ಇಟ್ಟು ನಾಲಗೆಯ ತುದಿಯಿಂದ ನೋಡಿದಳು. ಉಪ್ಪಿರಲಿಲ್ಲ.

ಅವಳ ಉಸಿರಿನ ಬಲ ಅರವತ್ತರಿಂದ ನಲವತ್ತನಾಲ್ಕಕ್ಕೆ ಇಳಿದದ್ದು ಮತ್ತೆ ಮೇಲೆ ಬರಲಿಲ್ಲ. ಮಹಡಿ ಮನೆ ಬಿಟ್ಟು ನೆಲಮಟ್ಟದ ಮನೆಗೆ ಬಂದರು. ಸುಳ್ಳು ಬರೆಯದಿದ್ದರೂ ಅಷ್ಟು ಇಳಿಯುತ್ತಿತ್ತೋ ಏನೋ, ಡಾಕ್ಟರಮ್ಮನಿಗೂ ಹೇಳಲಾಗಲಿಲ್ಲ. ನಾಮಕರಣದ ಊಟಕ್ಕೆ ಮೂವತ್ತು ಜನ ಸೇರಿದ್ದಾಗ ಅಟ್ರಾಕ್ಟಾ ಸೂಪಿನ ಸೌಟು ಎತ್ತಿ, "ತಡೀರಿ ಎಲ್ಲ, ಅವಳ ಸೂಜಿ ಆಗ್ಲಿ" ಎಂದು ಕೂಗಿಯೇಬಿಟ್ಟಳು. ಫಿಡೆಲ್ಮಾ ಕಿವಿಯವರೆಗೂ ಕೆಂಪಾಗಿ, ಅಂಗಿಯ ಅಂಚೆತ್ತಿ, ಎಲ್ಲರ ಮುಂದೆ ಚುಚ್ಚಿಕೊಂಡಳು. ಯಾರೂ ನಗಲಿಲ್ಲ. ಯಾರೋ ಬೆಣ್ಣೆಯ ತಟ್ಟೆ ದಾಟಿಸಿದರು. ಇಷ್ಟೇನಾ, ಇಷ್ಟಕ್ಕೇನಾ ನಾನು ಇಬ್ಬರು ಮಕ್ಕಳನ್ನ ಸಾವಿನ ಬಾಯಿಗೆ ಒಡ್ಡಿದ್ದು ಎಂದು ಅವಳಿಗೆ ಅನ್ನಿಸಿತು.

ಲೊರೆಟಾಗೆ ಅಕ್ಟೋಬರಿನಲ್ಲಿ ಗಂಡು ಮಗುವಾಯಿತು, ನಾಲ್ಕು ಕಿಲೋ, ಗಟ್ಟಿಮುಟ್ಟು. ಮಣಿಕಟ್ಟು ಮಾತ್ರ ಸರಿಯಾಗಿ ಕೂಡಲಿಲ್ಲ. ಈಗಲೂ ವರ್ಷಕ್ಕೆ ನಾಲ್ಕಾರು ಸಲ ಕಾಸಲ್‌ಬಾರಿನ ಸಂತೆಯಲ್ಲಿ ಇಬ್ಬರೂ ಎದುರಾಗುತ್ತಾರೆ. "ಮಗಳು ಹೇಗಿದ್ದಾಳೆ?" ಎಂದು ಲೊರೆಟಾ ಕೇಳುತ್ತಾಳೆ. "ಚೆನ್ನಾಗಿದ್ದಾಳೆ. ನಿನ್ನ ಮಗ?" ಎನ್ನುತ್ತಾಳೆ ಫಿಡೆಲ್ಮಾ. ಮಳೆಯ ಬಗ್ಗೆ ಒಂದು ಮಾತು, ದನದ ಬೆಲೆಯ ಬಗ್ಗೆ ಒಂದು ಮಾತು. ಮಾತು ಮುಗಿಯುವತನಕ ಲೊರೆಟಾ ಚೀಲವನ್ನು ಎಡಗೈಯಲ್ಲೇ ಹಿಡಿದಿರುತ್ತಾಳೆ, ಫಿಡೆಲ್ಮಾ ಅವಳ ಮುಖವನ್ನೇ ನೋಡುತ್ತಾಳೆ. ಕಣ್ಣನ್ನು ಆ ಬಲಗೈಯ ಕಡೆ ಇಳಿಸುವ ಧೈರ್ಯ ಇನ್ನೂ ಬಂದಿಲ್ಲ.